ಮನೆಯ ಶೆಡ್‌ಗೆ ಗಟ್ಟಿ ಬೆಂಚ್ ವೈಸ್ ಬೇಕು, ಯಾವುದು ತಗೊಳ್ಳಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಶೆಡ್‌ನಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಳ್ಳುತ್ತೇನೆ. ಗೇಟಿನ ಚಿಲಕ, ಗುದ್ದಲಿ ಕಾವು, ಪೈಪ್ ಕತ್ತರಿಸುವುದು, ಇಂಥವು. ಹೋದ ವರ್ಷ ಆನ್‌ಲೈನ್‌ನಲ್ಲಿ ಒಂದು 3 ಇಂಚಿನ ವೈಸ್ (ಮೇಜಿಗೆ ಕೂರಿಸಿ ಕೆಲಸದ ತುಂಡು ಕಚ್ಚಿಸಿ ಹಿಡಿಯುವ ಸಾಧನ) ತರಿಸಿದ್ದೆ. ಮೊನ್ನೆ ಅದರಲ್ಲಿ ಆಂಗಲ್ ಕಚ್ಚಿಸಿ ಬಗ್ಗಿಸಲು ಹೋದಾಗ ಹಿಂದಿನ ಜಾ (ಕಚ್ಚಿ ಹಿಡಿಯುವ ದವಡೆ) ಬುಡದಲ್ಲೇ ಪಟ್ ಅಂತ ಮುರಿಯಿತು. ಮುರಿದ ಜಾಗ ಬೂದು ಬಣ್ಣ, ಸಕ್ಕರೆ ಹರಳಿನ ಹಾಗೆ ತರಿತರಿ, ನಡುವೆ ಕಡಲೆಕಾಳಿನಷ್ಟು ಗಾಳಿಗುಳ್ಳೆ ಬೇರೆ. ಈ ಸಲ ತಗೊಂಡಿದ್ದು ಮಗನ ಕಾಲಕ್ಕೂ ಇರಬೇಕು. 4 ಇಂಚು ಸಾಕಾ, 6 ಬೇಕಾ? ತಿರುಗುವ ಬುಡದ್ದು ಒಳ್ಳೆಯದಾ?

ಉತ್ತರ 1:
ಸರ್, ಮುರಿದಿದ್ದು ಬೀಡು, ಅಂದರೆ ಎರಕದ ಕಬ್ಬಿಣ. ಬೀಡು ಒತ್ತಿದರೆ ಚೆನ್ನಾಗಿ ತಡೆಯುತ್ತದೆ, ಎಳೆದರೆ ಅಥವಾ ಹೊಡೆದರೆ ಬಾಗದೆ ಒಡೆಯುತ್ತದೆ. ವೈಸ್ ಬಿಗಿದಾಗ ಜಾ ಹಿಂದಕ್ಕೆ ವಾಲಲು ನೋಡುತ್ತದೆ, ಆ ಎಳೆತ ಎಲ್ಲಾ ಬುಡಕ್ಕೇ ಬೀಳುತ್ತದೆ, ಅಲ್ಲಿ ಗಾಳಿಗುಳ್ಳೆ ಇದ್ದರೆ ಮುಗಿಯಿತು. ಹಾಗಂತ ಬೀಡೇ ಬೇಡ ಅಂತಲ್ಲ. ಅರ ಹಾಕುವುದು, ಗರಗಸದಲ್ಲಿ ಕೊಯ್ಯುವುದು ಇಷ್ಟೇ ಆದರೆ ದಪ್ಪ ಬೀಡಿನ ವೈಸ್ ಬಹಳ ವರ್ಷ ಬರುತ್ತದೆ. ನೀವು ಬಗ್ಗಿಸುತ್ತೀರಿ, ಹೊಡೆಯುತ್ತೀರಿ ಅಂದರೆ ಎಸ್‌ಜಿ ಐರನ್ ಅಥವಾ ಸ್ಟೀಲ್ ನೋಡಿ. ಎಸ್‌ಜಿ ಕೂಡ ಎರಕವೇ, ಆದರೆ ಅದರೊಳಗಿನ ಗ್ರಾಫೈಟ್ (ಇಂಗಾಲ) ಪದರ ಪದರವಾಗಿ ಇರದೆ ಗುಂಡಗಿರುತ್ತದೆ, ಹಾಗಾಗಿ ಬಿರುಕು ಸುಲಭಕ್ಕೆ ಓಡುವುದಿಲ್ಲ.

ನನ್ನ ಲೆಕ್ಕದಲ್ಲಿ 5 ಇಂಚು, ಅಂದರೆ ಜಾ ಅಗಲ 125 ಮಿ.ಮೀ. ಬುಡ ತಿರುಗದೇ ಇರುವುದೇ ತಗೊಳ್ಳಿ, ತಿರುಗುವುದರಲ್ಲಿ ಜೋರಾಗಿ ಎಳೆದಾಗ ಜಾರುವ ಜಾಗ ಒಂದು ಜಾಸ್ತಿ.

ದಯವಿಟ್ಟು ಅಂಗಡಿಗೆ ಹೋಗಿ ಮುಟ್ಟಿ ನೋಡಿ ತನ್ನಿ. ಬೆಂಗಳೂರಾದರೆ ಎಸ್‌ಜೆಪಿ ರೋಡ್‌ನಲ್ಲಿ ಸಾಲು ಸಾಲು ಅಂಗಡಿ ಇವೆ. ವೈಸ್ ಬಾಯಿ ಪೂರ್ತಿ ತೆರೆದು, ಮುಂದಿನ ಜಾ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಸ್ವಲ್ಪ ಅಲ್ಲಾಡಿದರೆ ಪರವಾಗಿಲ್ಲ, ಗಡಗಡ ಅಂದರೆ ಬೇಡ. ಆಮೇಲೆ ಎರಡು ತುಂಡು ಬಿಲ್ ಕಾಗದ ತಗೊಂಡು ಜಾ ಎರಡೂ ತುದಿಯಲ್ಲಿ ಇಟ್ಟು ಮೆಲ್ಲಗೆ ಬಿಗಿದು ಎಳೆಯಿರಿ. ಒಂದು ಸಿಕ್ಕಿಕೊಂಡು ಇನ್ನೊಂದು ಸಲೀಸಾಗಿ ಬಂತಾ, ಆ ಪೀಸ್ ವಾಪಸ್ ಇಟ್ಟುಬಿಡಿ.

ಉತ್ತರ 2:
ಅಣ್ಣಾ, ಹೊಸದೇ ಯಾಕೆ? ಗುಜರಿ ಅಂಗಡಿಗಳಲ್ಲಿ ಒಮ್ಮೊಮ್ಮೆ ಹಳೇ ಫ್ಯಾಕ್ಟರಿ ವೈಸ್ ಬರುತ್ತವೆ, ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ನಂದು ಹಾಗೇ ಸಿಕ್ಕಿದ 6 ಇಂಚಿನದ್ದು, ಒಬ್ಬನೇ ಎತ್ತಲು ಆಗಲಿಲ್ಲ. ಹೊಸ ಪೇಂಟ್ ಬಳಿದಿದ್ದರೆ ಮಾತ್ರ ಹುಷಾರು, ಕೆಳಗೆ ವೆಲ್ಡಿಂಗ್ ಮುಚ್ಚಿರುತ್ತಾರೆ, ಉಗುರಿನಿಂದ ಕೆರೆದು ನೋಡಿ. ಜಾ ಪ್ಲೇಟ್ ಸವೆದಿದ್ದರೆ ಚಿಂತೆ ಇಲ್ಲ, ಸ್ಕ್ರೂ ಬಿಚ್ಚಿ ಬೇರೆ ಹಾಕಬಹುದು. ವೈಸ್‌ನ ತಿರುಪು ಕೂರುವ ಒಳಗಿನ ನಟ್ ಥ್ರೆಡ್ ಹೋಗಿದ್ದರೆ ಬಿಟ್ಟುಬಿಡಿ. ನಂದು ಒಂದು ರಾತ್ರಿ ಸೀಮೆಎಣ್ಣೆ ಹಾಕಿ ಬಿಟ್ಟಿದ್ದೆ, ಬೆಳಗ್ಗೆ ಒಂದೇ ಬೆರಳಲ್ಲಿ ತಿರುಗಿತು. ಎಷ್ಟು ಖುಷಿಯಾಯ್ತು ಗೊತ್ತಾ!

ಉತ್ತರ 3:
ಎಲ್ಲರೂ ವೈಸ್ ಬಗ್ಗೆ ಹೇಳುತ್ತಿದ್ದೀರಿ, ಮೇಜಿನ ಬಗ್ಗೆ ಯಾರೂ ಕೇಳಲಿಲ್ಲ. ಪ್ಲೈವುಡ್ ಮೇಜಿಗೆ ಮರದ ಸ್ಕ್ರೂ ಹೊಡೆದು ಕೂರಿಸಿದರೆ ಎಂಥಾ ವೈಸ್ ಆದರೂ ಕಿತ್ತು ಬರುತ್ತದೆ. ಮೇಜಿನ ಕಾಲಿನ ಮೇಲೇ ಬರುವ ಹಾಗೆ ಇಟ್ಟು, ಆರ್‌ಪಾರ್ ಬೋಲ್ಟ್ ಹಾಕಿ, ಕೆಳಗೆ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಿರಿ. ಹಿಂದಿನ ಜಾ ಮೇಜಿನ ಅಂಚಿಗಿಂತ ಚೂರು ಮುಂದೆ ಬರಲಿ, ಆಗ ಉದ್ದದ ಪೈಪ್ ನೆಟ್ಟಗೆ ನಿಲ್ಲಿಸಿ ಕಚ್ಚಿಸಬಹುದು. ಜಾ ಮೇಲ್ಭಾಗ ನಿಮ್ಮ ಮೊಣಕೈ ಎತ್ತರಕ್ಕೆ ಬರಬೇಕು, ಇಲ್ಲದಿದ್ದರೆ ಅರ ಹಾಕುವಾಗ ಸೊಂಟ ಹೋಗುತ್ತದೆ. ಇನ್ನೊಂದು ಮಾತು, ಹಿಡಿಗೆ ಪೈಪ್ ತೂರಿಸಿ ಬಿಗಿಯಬೇಡಿ. ನಾನು ಹಾಗೆ ಮಾಡಿ ಒಂದು ಒಳ್ಳೆ ವೈಸ್‌ನ ನಟ್ ಕಳೆದುಕೊಂಡೆ.

ಪ್ರಶ್ನೆ ಕೇಳಿದವನು:
ತುಂಬಾ ಥ್ಯಾಂಕ್ಸ್. ಈಗಷ್ಟೇ ಶೆಡ್‌ಗೆ ಹೋಗಿ ಮೇಜು ಅಲ್ಲಾಡಿಸಿ ನೋಡಿದೆ, ಅದೇ ಓಲಾಡುತ್ತಿದೆ. ಈ ಭಾನುವಾರ ಮೇಜಿನ ಕಾಲು ಸರಿ ಮಾಡುತ್ತೇನೆ, ಆಮೇಲೆ ಗುಜರಿ ಅಂಗಡಿ ಒಂದು ಸುತ್ತು. ಅಲ್ಲಿ ಸಿಗದಿದ್ದರೆ ಎಸ್‌ಜಿ ಐರನ್ 5 ಇಂಚು. ಬಿಲ್ ಕಾಗದ ಈಗಲೇ ಜೇಬಿಗೆ ಹಾಕಿಕೊಂಡಿದ್ದೇನೆ.