ಅದೃಷ್ಟಚಕ್ರ ಒಂದೇ ಕಡೆ ನಿಲ್ಲುತ್ತಿದೆ, ಏಕೆ?

ಹಾಸನದ ಮೇಷ್ಟ್ರು: ಶಾಲೆಯ ಮೇಳಕ್ಕೆ ಪ್ಲೈವುಡ್ ಚಕ್ರ ಮಾಡಿದ್ದೇವೆ, 12 ಮನೆ. ಯಾವಾಗಲೂ 7, 8ರ ಹತ್ತಿರವೇ ನಿಲ್ಲುತ್ತೆ. ಈ ಆಟದ ಮೂಲ ಎಲ್ಲಿಯದು?

ಬೇಲೂರು ಬಡಗಿ: ತೂಕ ಸಮವಿಲ್ಲ ಸರ್. ಮುಳ್ಳು ತೆಗೆದು ಮೆಲ್ಲಗೆ ತಿರುಗಿಸಿ. ಪ್ರತಿ ಸಲ ಕೆಳಗೆ ಬಂದು ನಿಲ್ಲುವ ಕಡೆಯೇ ಭಾರ. ಅದರ ಎದುರು ಅಂಚಿಗೆ, ಹಿಂಬದಿಯಲ್ಲಿ, ಒಂದೊಂದೇ ವಾಷರ್ ಸೇರಿಸಿ. ಎಲ್ಲಿ ಬಿಟ್ಟರೂ ಅಲ್ಲೇ ನಿಂತರೆ ಸರಿಯಾಯ್ತು. ಬೇರಿಂಗ್ ಬಿಗಿಯಿದ್ದರೆ ಮಾತ್ರ ಈ ಪರೀಕ್ಷೆ ನಂಬಬೇಡಿ.

ಚಿಕ್ಕಮಗಳೂರು ಗಣಿತ: ಇಂಥದ್ದೇ ಚಕ್ರದ ಜೂಜು ರೂಲೆಟ್, ಅದು 18ನೇ ಶತಮಾನದ ಫ್ರಾನ್ಸಿನದು. ಯುರೋಪಿನ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ 37 ಮನೆ, ಒಂದೇ ಮನೆಗೆ ಕಟ್ಟಿ ಗೆದ್ದರೆ ಕಟ್ಟಿದ್ದರ ಜೊತೆಗೆ 35 ಪಟ್ಟು. ಆ ಸೊನ್ನೆಯಿಂದಲೇ ಆಡಿಸುವವನಿಗೆ ನೂರಕ್ಕೆ ಸುಮಾರು 2.7 ಉಳಿಯುತ್ತೆ. ಚಕ್ರ ನಿಧಾನವಾಗಿ ಪಕ್ಕದ ಮನೆಗೆ ಜಾರಿದಾಗ ‘ಇನ್ನೊಂಚೂರು ಇದ್ದಿದ್ರೆ’ ಅನ್ನಿಸುವುದೇ ಇದರ ಸೆಳೆತ. ಮಕ್ಕಳಿಂದ ದುಡ್ಡು ಕಟ್ಟಿಸಬೇಡಿ ಮೇಷ್ಟ್ರೇ, ಎಲ್ಲ ಮನೆಗೂ ಪೆನ್ಸಿಲ್ಲೋ ರಬ್ಬರೋ ಇಡಿ.