ಅಪ್‌ಡೇಟ್: ಮನೆ ರೆಕಾರ್ಡಿಂಗ್ ಸೌಂಡ್ ಕಡಿಮೆ ಅಂದಿದ್ದೆನಲ್ಲ
ಉಡುಪಿಯ ಮನೆಯಲ್ಲಿ ಮಾಡಿದ ಭಾಗವತಿಕೆ (ಯಕ್ಷಗಾನದ ಹಾಡು) ರೆಕಾರ್ಡಿಂಗ್ ಬೇರೆಯವರದ್ದರ ಪಕ್ಕ ಯಾಕೆ ಇಷ್ಟು ಮೆತ್ತಗೆ ಎಂದು ಕೇಳಿದ್ದೆ. ಕಳ್ಳ ಸಿಕ್ಕಿದ. ಚೆಂಡೆ! ಒಂದೊಂದು ಪೆಟ್ಟೂ ಸೊನ್ನೆ ಡಿಬಿ, ಅಂದರೆ ಡಿಜಿಟಲ್ ರೆಕಾರ್ಡಿಂಗಿನ ಗರಿಷ್ಠ ಮಟ್ಟ, ಮುಟ್ಟುತ್ತಿತ್ತು, ಉಳಿದದ್ದನ್ನು ಏರಿಸಲು ಜಾಗವೇ ಇರಲಿಲ್ಲ.

ನೀವು ಹೇಳಿದಂತೆ ಚೆಂಡೆ ಟ್ರ್ಯಾಕಿಗೆ ಮಾತ್ರ ಕಂಪ್ರೆಸರ್ (ಜೋರು ಪೆಟ್ಟುಗಳನ್ನು ತಗ್ಗಿಸುವ ಸಾಧನ) ಹಾಕಿದೆ. ಹಾಡಿನ ಟ್ರ್ಯಾಕಿನಲ್ಲಿ 80 ಹರ್ಟ್ಜ್‌ಗಿಂತ ಕೆಳಗಿನ ತಗ್ಗು ಸದ್ದನ್ನು ತೆಗೆದೆ. ಅಲ್ಲಿದ್ದದ್ದು ಬರೀ ಫ್ಯಾನಿನ ಗುಂಯ್. ಕೊನೆಗೆ ಸದ್ದು ಒಂದು ಮಿತಿ ದಾಟದಂತೆ ತಡೆಯುವ ಲಿಮಿಟರ್, ಮೈನಸ್ 1 ಡಿಬಿಗೆ. ಮೈನಸ್ 22 ಲಫ್ಸ್ (LUFS, ಕಿವಿಗೆ ಎಷ್ಟು ಜೋರು ಎನ್ನುವ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಇದ್ದದ್ದು ಮೈನಸ್ 14ಕ್ಕೆ ಬಂತು.

ಆಸೆ ಜಾಸ್ತಿಯಾಗಿ ಮೈನಸ್ 9ರವರೆಗೂ ಎಳೆದು ನೋಡಿದೆ. ಚೆಂಡೆ ತಗಡಿನ ಡಬ್ಬದಂತಾಯಿತು. ಸ್ಪಾಟಿಫೈ ಹೇಗೂ ಅದನ್ನು ಮೈನಸ್ 14ರ ಹತ್ತಿರಕ್ಕೆ ತಗ್ಗಿಸುತ್ತದೆ, ಸುಮ್ನೆ ಯಾಕೆ ಅಲ್ವಾ?

ಸೌಂಡಿನ ಜೊತೆ ಹಿಂದಿನ ಮಳೆಯ ಸದ್ದೂ ಏರಿದೆ. ಹಂಚಿನ ಮನೆ ನೋಡಿ. ಮಳೆ ಸದ್ದು ಸೇರಿದ ಪದ್ಯವನ್ನು ಮಳೆ ಬಿಟ್ಟ ಮೇಲೆ ಮತ್ತೆ ಹಾಡಬೇಕು.