ಸಂಘಕ್ಕೆ ಸೇರಿದರೆ ನಿಜವಾಗಿ ಏನು ಸಿಗುತ್ತದೆ? ಅನುಭವ ಇದ್ದವರು ಹೇಳಿ

ಕಲ್ಸಂಕದ ಇಂಜಿನಿಯರ್

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಸಿವಿಲ್ ಇಂಜಿನಿಯರ್. ಸ್ವಂತ ಆಫೀಸು ಹಾಕಿ ನಾಲ್ಕು ವರ್ಷ ಆಯಿತು. ಮನೆ ಪ್ಲಾನ್, ಎಸ್ಟಿಮೇಟ್, ಲೈಸೆನ್ಸಿನ ಕೆಲಸ, ಸೈಟ್ ನೋಡಿಕೊಳ್ಳುವುದು, ಇಷ್ಟೇ ನನ್ನ ಪ್ರಪಂಚ. ಆಫೀಸಿನಲ್ಲಿ ನಾನು, ಡ್ರಾಯಿಂಗ್ ಮಾಡುವ ಒಬ್ಬ ಹುಡುಗಿ, ಇಬ್ಬರೇ.

ಹಿರಿಯ ಇಂಜಿನಿಯರ್ ಒಬ್ಬರು ಒಂದು ವರ್ಷದಿಂದ ನಮ್ಮ ವೃತ್ತಿಯವರ ಸಂಘಕ್ಕೆ ಸೇರಿ ಎಂದು ಹೇಳುತ್ತಲೇ ಇದ್ದಾರೆ. ಸೇರುವಾಗ 5,000 ರೂಪಾಯಿ, ಆಮೇಲೆ ವರ್ಷಕ್ಕೆ 2,000. ಕೊಡಲಿಕ್ಕೆ ಆಗದ ಮೊತ್ತ ಏನಲ್ಲ. ಆದರೆ ಕೊಟ್ಟದ್ದಕ್ಕೆ ಏನು ಬರುತ್ತದೆ ಎಂದು ನನಗೆ ಗೊತ್ತಾಗುತ್ತಿಲ್ಲ.

ಎರಡು ಕಾರ್ಯಕ್ರಮಕ್ಕೆ ಹೋಗಿ ನೋಡಿದೆ. ಮೊದಲನೆಯದು ಪದಗ್ರಹಣ. ಆರು ಗಂಟೆ ಅಂದಿದ್ದರು, ಶುರುವಾದಾಗ ಏಳು. ಸ್ವಾಗತ, ದೀಪ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಮುಗಿಯುವಾಗ ಎಂಟೂವರೆ. ಕೊನೆಗೆ ಒಬ್ಬ ಹಿರಿಯರು ಟೆರೇಸ್ ಸ್ಲ್ಯಾಬ್ ಸೋರುವುದರ ಬಗ್ಗೆ ಮಾತಾಡಲಿಕ್ಕೆ ನಿಂತರು. ನಾನು ಹೋದದ್ದೇ ಅದಕ್ಕಾಗಿ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ಸೋರಿಕೆಯ ತಲೆನೋವು ಇಲ್ಲದ ಸೈಟ್ ನನಗೆ ಇನ್ನೂ ಸಿಕ್ಕಿಲ್ಲ. ಹದಿನೈದು ನಿಮಿಷ ಆಗುವಾಗ "ಊಟ ತಣ್ಣಗಾಗುತ್ತದೆ ಸರ್" ಎಂದು ಚೀಟಿ ಹೋಯಿತು. ಅವರು ಅರ್ಧಕ್ಕೆ ನಿಲ್ಲಿಸಿದರು. ನನಗೆ ತುಂಬಾ ಬೇಜಾರಾಯಿತು.

ಎರಡನೆಯದು ಆಟಿಡೊಂಜಿ ದಿನ, ಆಟಿ ತಿಂಗಳ ತುಳುನಾಡಿನ ಅಡುಗೆ, ಆಚರಣೆ ನೆನಪಿಸುವ ಕಾರ್ಯಕ್ರಮ. ಪತ್ರೊಡೆ ಚೆನ್ನಾಗಿತ್ತು, ಮನೆಯವರಿಗೂ ಖುಷಿ ಆಯಿತು. ಆದರೆ ಅದು ನಮ್ಮ ಊರಿನ ಯುವಕ ಮಂಡಲದಲ್ಲೂ ಸಿಗುತ್ತದೆ, ಅಲ್ವಾ?

ನಿಮ್ಮ ನಿಮ್ಮ ವೃತ್ತಿಯ ಸಂಘದಿಂದ ನಿಮಗೆ ಏನು ಸಿಕ್ಕಿತು? ಡಾಕ್ಟರ್, ಸಿಎ, ಫೋಟೋಗ್ರಾಫರ್, ಯಾರಾದರೂ ಸರಿ. "ಸಂಪರ್ಕ ಬೆಳೆಯುತ್ತದೆ" ಎನ್ನುವ ಉತ್ತರ ಬೇಡ. ಇಂಥ ದಿನ, ಇಂಥ ಕೆಲಸಕ್ಕೆ ಬಂತು ಎಂದು ಹೇಳಿ.

ಕುಂದಾಪುರ ಸ್ಟುಡಿಯೋ

ಇಂಥ ದಿನ ಎಂದು ಕೇಳಿದ್ದೀರಲ್ಲ, ನಾನು ಹೇಳುತ್ತೇನೆ.

ಮೇ ತಿಂಗಳು, ಮದುವೆ ಸೀಸನ್. ಬ್ರಹ್ಮಾವರದ ಹಾಲಿನಲ್ಲಿ ಮದುವೆ, ಮುಹೂರ್ತ 11:20. ನಾನು ಬೆಳಿಗ್ಗೆ ಬೈಕಿನಲ್ಲಿ ಹೊರಟವನು ಕೋಟದ ಹತ್ತಿರ ಜಾರಿ ಬಿದ್ದೆ. ಬಲಗೈ ಎತ್ತಲಿಕ್ಕೇ ಆಗಲಿಲ್ಲ. ಆಸ್ಪತ್ರೆಯಲ್ಲಿ ಕೂತು ನಮ್ಮ ತಾಲೂಕಿನ ಫೋಟೋಗ್ರಾಫರ್ ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿದಾಗ ಎಂಟು ಗಂಟೆ. ಅರ್ಧ ಗಂಟೆಯಲ್ಲಿ ಒಬ್ಬ ಸದಸ್ಯ ಅವನ ಕ್ಯಾಮೆರಾ ಹಿಡಿದು ಹೊರಟ. ಇನ್ನೊಬ್ಬ ದಾರಿಯಲ್ಲಿ ಫ್ಲ್ಯಾಶ್, ಬ್ಯಾಟರಿ ಕೊಟ್ಟ. ಧಾರೆ ಶುರುವಾಗುವ ಮುಂಚೆ ಅವರು ಹಾಲಿನಲ್ಲಿ ಇದ್ದರು.

ಸಂಜೆ ಫೋಟೋ ತೆಗೆದವನು ಮೆಮೊರಿ ಕಾರ್ಡುಗಳನ್ನು ನನ್ನ ಮನೆಗೇ ತಂದುಕೊಟ್ಟ. ತೆಗೆದುಕೊಂಡದ್ದು ಒಂದು ದಿನದ ಸಂಬಳ ಮಾತ್ರ. ಪಾರ್ಟಿಯವರು ಅವನ ನಂಬರ್ ಕೇಳಿದ್ದರಂತೆ. "ನಾನು ಇವತ್ತು ಅವರ ಸ್ಟುಡಿಯೋದವನು" ಎಂದು ನನ್ನ ನಂಬರನ್ನೇ ಕೊಟ್ಟು ಬಂದಿದ್ದ. ಅವನ ಸ್ಟುಡಿಯೋ ನನ್ನದರಿಂದ ಎರಡೇ ಕಿಲೋಮೀಟರ್ ದೂರ. ಗಿರಾಕಿಯ ವಿಷಯದಲ್ಲಿ ನಾವಿಬ್ಬರೂ ಎದುರಾಳಿಗಳು. ಸಂಘದಲ್ಲಿ ಒಟ್ಟಿಗೆ ಕೂತು ಚಹಾ ಕುಡಿದ ಪರಿಚಯ ಇಲ್ಲದಿದ್ದರೆ ಅವನು ಬರುತ್ತಿರಲಿಲ್ಲ, ನಾನೂ ಅವನನ್ನು ನಂಬುತ್ತಿರಲಿಲ್ಲ.

ಸದಸ್ಯರು ತೀರಿಕೊಂಡರೆ ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿ ಮನೆಯವರಿಗೆ ಕೊಡುವ ಕ್ರಮವೂ ನಮ್ಮಲ್ಲಿದೆ. ಪಿಎಫ್ ಇಲ್ಲದ ಕೆಲಸ ನಮ್ಮದು. ಹಾಗಾಗಿ ಅದು ಸಣ್ಣ ವಿಷಯ ಅಲ್ಲ.

ಒಂದೇ ಕೊರತೆ ರೇಟಿನದ್ದು. ಸಂಘ ಕಡ್ಡಾಯವಾಗಿ ಒಂದು ಕನಿಷ್ಠ ರೇಟ್ ಮಾಡಬೇಕು ಎಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಯಾರೂ ಮಾಡುವುದಿಲ್ಲ.

ಬಲ್ಮಠದ ಸಿಎ

ಕುಂದಾಪುರದವರೇ, ರೇಟಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಸಂಘದವರು ಒಟ್ಟಾಗಿ ಬೆಲೆ ನಿಗದಿ ಮಾಡುವುದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ. ಅದರ 3ನೇ ಸೆಕ್ಷನ್ ಸಂಘಗಳಿಗೂ ಅನ್ವಯಿಸುತ್ತದೆ, ದಂಡ ಬೀಳಬಹುದು. ಅದರ ಬದಲು ಒಂದು ಒಳ್ಳೆಯ ಮಾದರಿ ಒಪ್ಪಂದ ಪತ್ರ ಮಾಡಿಕೊಡಿ. ಅಡ್ವಾನ್ಸ್ ಎಷ್ಟು, ಆಲ್ಬಮ್ ಯಾವಾಗ, ಮದುವೆ ಮುಂದೆ ಹೋದರೆ ಏನು, ಎಲ್ಲ ಬರೆದದ್ದು. ಹಣ ಕೈತಪ್ಪುವುದು ರೇಟ್ ಕಡಿಮೆ ಆಗಿ ಮಾತ್ರ ಅಲ್ಲ, ಏನೂ ಬರೆದುಕೊಳ್ಳದೆ ಕೆಲಸ ಮಾಡಿದ್ದರಿಂದಲೂ.

ಈಗ ಇಂಜಿನಿಯರ್ ಅವರಿಗೆ. ಎರಡು ತರದ ಸಂಸ್ಥೆಗಳಿವೆ, ಅದನ್ನು ಬೇರೆ ಬೇರೆ ಇಟ್ಟು ನೋಡಿ. ನಮ್ಮ ಸಿಎಗಳ ಸಂಸ್ಥೆ ಐಸಿಎಐ 1949ರ ಕಾಯ್ದೆಯಿಂದ ಹುಟ್ಟಿದ್ದು. ಅದರ ಸದಸ್ಯತ್ವ ಇಲ್ಲದೆ ನಾನು ಸಿಎ ಎಂದು ಬೋರ್ಡ್ ಹಾಕುವ ಹಾಗೇ ಇಲ್ಲ. ಆರ್ಕಿಟೆಕ್ಟುಗಳಿಗೂ 1972ರ ಕಾಯ್ದೆ, ಕೌನ್ಸಿಲ್ ಇದೆ. ಇಂಜಿನಿಯರುಗಳಿಗೆ ಇಡೀ ದೇಶಕ್ಕೆ ಅಂಥ ಕಡ್ಡಾಯ ಕೌನ್ಸಿಲ್ ಇಲ್ಲ. 1920ರಲ್ಲಿ ಶುರುವಾದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಕೂಡ ಬೇಕಾದವರು ಸೇರುವಂಥದ್ದು. ಕಡ್ಡಾಯ ಇಲ್ಲದ ಕಡೆ ಸಂಘ ಪ್ರತಿ ವರ್ಷ ಸದಸ್ಯರ ಮನಸ್ಸು ಗೆಲ್ಲಬೇಕಾಗುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಸಂಕೋಚ ಬೇಡ.

ನನಗೆ ಸಿಕ್ಕಿದ್ದು ಏನು? 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಆ ದಿನಗಳನ್ನು ನಾನು ಮರೆಯುವುದಿಲ್ಲ. 30 ವರ್ಷ ಪ್ರಾಕ್ಟೀಸ್ ಮಾಡಿದವರೂ ಹೊಸಬರೇ, ನಾನೂ ಹೊಸಬನೇ. ಪೋರ್ಟಲ್ ಗಳಿಗೆಗೊಮ್ಮೆ ನಿಲ್ಲುತ್ತಿತ್ತು. ಸಂಜೆ ಹತ್ತು ಹನ್ನೆರಡು ಜನ ಒಂದು ಲ್ಯಾಪ್‌ಟಾಪಿನ ಸುತ್ತ ಕೂತು ಮೊದಲ 3ಬಿ ರಿಟರ್ನ್, ಅಂದರೆ ಆ ತೆರಿಗೆಯ ತಿಂಗಳ ಲೆಕ್ಕ, ಹಾಕಲು ಕಲಿತೆವು. ಒಬ್ಬರು ತಪ್ಪು ಮಾಡಿದರೆ ಉಳಿದವರ ಕ್ಲೈಂಟುಗಳಿಗೆ ಆ ತಪ್ಪು ಆಗಲಿಲ್ಲ. ನಮಗೆ ಮೂರು ವರ್ಷಕ್ಕೆ 120 ಗಂಟೆ ಕಲಿಕೆ ಹೇಗೂ ಕಡ್ಡಾಯ, ಆದರೆ ಆ ಸಂಜೆಗಳಿಗೆ ನಾವು ಗಂಟೆ ಲೆಕ್ಕ ಹಾಕಿ ಹೋದದ್ದಲ್ಲ.

ಕೊನೆಯದಾಗಿ ಒಂದು. ಸೇರುವ ಮೊದಲು ಕಳೆದ ವರ್ಷದ ಲೆಕ್ಕಪತ್ರ ಕೇಳಿ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ರಿಜಿಸ್ಟರ್ ಆದ ಸಂಘ ವರ್ಷಕ್ಕೊಮ್ಮೆ ಮಹಾಸಭೆ ಕರೆದು ಆಡಿಟ್ ಆದ ಲೆಕ್ಕ ಇಡಲೇಬೇಕು. ಹಾಲ್ ಬಾಡಿಗೆಗೆ, ಊಟಕ್ಕೆ, ಸ್ಮರಣಿಕೆಗೆ ಎಷ್ಟು, ತರಬೇತಿಗೆ, ಸದಸ್ಯರ ಕಷ್ಟಕ್ಕೆ ಎಷ್ಟು? ಅದೊಂದು ಹಾಳೆ ನೋಡಿದರೆ ನಿಮಗೆ ಬೇಕಾದ ಉತ್ತರದ ಮುಕ್ಕಾಲು ಭಾಗ ಅಲ್ಲೇ ಸಿಗುತ್ತದೆ.

ಕಂಕನಾಡಿ ಡಾಕ್ಟರಮ್ಮ

ಸಿಎ ಹೇಳಿದ ಲೆಕ್ಕಪತ್ರದ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಕೆಲವು ವಿಷಯ ಲೆಕ್ಕದ ಹಾಳೆಯಲ್ಲಿ ಬರುವುದೇ ಇಲ್ಲ.

ನಾನು ಸಣ್ಣ ನರ್ಸಿಂಗ್ ಹೋಮಿನಲ್ಲಿ ಇದ್ದಾಗ ಒಂದು ರಾತ್ರಿ ರೋಗಿ ತೀರಿಕೊಂಡರು. ಬರುವಾಗಲೇ ಸ್ಥಿತಿ ಕೆಟ್ಟಿತ್ತು. ಹನ್ನೊಂದು ಗಂಟೆಗೆ ಹೊರಗೆ ನಲವತ್ತು ಜನ. ಅವರ ದುಃಖ ನನಗೆ ಅರ್ಥ ಆಗುತ್ತಿತ್ತು, ಆದರೆ ಕೈಕಾಲು ನಡುಗುತ್ತಿತ್ತು. ನಮ್ಮ ಸಂಘದ ಹಿರಿಯ ಡಾಕ್ಟರ್ ಒಬ್ಬರಿಗೆ ಫೋನ್ ಮಾಡಿದೆ. ಅವರು ರಾತ್ರಿ ಡ್ರೆಸ್ಸಿನ ಮೇಲೆ ಶರ್ಟ್ ಹಾಕಿಕೊಂಡು ಬಂದರು. ಮೊದಲು ಮನೆಯವರ ಹತ್ತಿರ ಕೂತು ತುಳುವಿನಲ್ಲಿ ನಿಧಾನ ಮಾತಾಡಿದರು. ಆಮೇಲೆ ನನ್ನ ಹತ್ತಿರ ಕೂತು ಕೇಸ್ ಶೀಟ್ ಪೂರ್ತಿ ಬರೆಸಿದರು, ಸಮಯ ಸಮೇತ. ಎರಡು ಗಂಟೆವರೆಗೆ ಇದ್ದರು. ವೈದ್ಯರ ಮೇಲೆ ಹಲ್ಲೆ ಆದರೆ 2009ರ ಕರ್ನಾಟಕದ ಕಾಯ್ದೆ ಇದೆ, ನಿಜ. ಆ ಹೊತ್ತಿಗೆ ಬೇಕಾದದ್ದು ಪಕ್ಕದಲ್ಲಿ ಕೂರುವ ಒಬ್ಬರು.

ಸಂಘ ಎಲ್ಲ ಗೆಲ್ಲುತ್ತದೆ ಎಂದೂ ಅಲ್ಲ. ವೈದ್ಯರನ್ನು ಗ್ರಾಹಕ ಕಾಯ್ದೆಯಿಂದ ಹೊರಗಿಡಬೇಕು ಎಂದು 1928ರಿಂದ ಇರುವ ನಮ್ಮ ಐಎಂಎ (ಭಾರತೀಯ ವೈದ್ಯಕೀಯ ಸಂಘ) ಸುಪ್ರೀಂ ಕೋರ್ಟಿನ ತನಕ ಹೋಯಿತು. 1995ರಲ್ಲಿ ತೀರ್ಪು ವಿರುದ್ಧ ಬಂತು. ಸೋತ ಮೇಲೆ ಮಾಡಿದ ಕೆಲಸ ನನ್ನ ದೃಷ್ಟಿಯಲ್ಲಿ ದೊಡ್ಡದು. ಒಪ್ಪಿಗೆ ಪತ್ರ ಹೇಗೆ ಬರೆಸಬೇಕು, ದಾಖಲೆ ಹೇಗೆ ಇಡಬೇಕು, ವಿಮೆ ಯಾಕೆ ಬೇಕು, ಇದನ್ನೆಲ್ಲ ನಾನು ಕಲಿತದ್ದು ಕಾಲೇಜಿನಲ್ಲಿ ಅಲ್ಲ, ಸಂಘದ ಸಭೆಗಳಲ್ಲಿ.

ಒಂದು ದೂರು ಇತ್ತು. ಸಭೆ ಯಾವಾಗಲೂ ರಾತ್ರಿ ಎಂಟೂವರೆಗೆ. ಮನೆಯಲ್ಲಿ ಸಣ್ಣ ಮಗು ಇದ್ದವರು ಬರುವುದು ಹೇಗೆ? ನಾವು ನಾಲ್ಕು ಜನ ಹೆಂಗಸರು ಬರೆದುಕೊಟ್ಟ ಮೇಲೆ ಕೆಲವು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಾಡಿದರು. ಕೇಳುವ ತನಕ ಇದು ಅವರ ತಲೆಗೆ ಬಂದಿರಲೇ ಇಲ್ಲ.

ಬಂದರು ಗೇರುಬೀಜ

ನನ್ನದು ಚಿಕ್ಕ ಉತ್ತರ. ನಾನು ರಫ್ತು ಮಾಡುವವನು. ಸರಕು ಎಲ್ಲಿಯದು ಎಂದು ತೋರಿಸುವ ಸರ್ಟಿಫಿಕೇಟ್ ಆಫ್ ಒರಿಜಿನ್ ಇಲ್ಲದಿದ್ದರೆ ಹೊರದೇಶದ ಪಾರ್ಟಿ ಹಣ ಬಿಡುವುದಿಲ್ಲ. ಅದನ್ನು ಕೊಡುವುದು ಇಲ್ಲಿ ಮಂಗಳೂರಿನ ಬಂದರಿನಲ್ಲಿ 1940ರಿಂದ ಇರುವ ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ. ಶಾಲು, ಭಾಷಣ ಯಾವುದೂ ಇಲ್ಲದೆ, ನನ್ನ ಕಂಟೇನರ್ ಹೋಗಲಿಕ್ಕೆ ಬೇಕಾದ ಒಂದು ಕಾಗದ ಅಲ್ಲಿ ಸಿಗುತ್ತದೆ. ಹೀಗೆ ವಾರದ ದಿನದಲ್ಲಿ ಉಪಯೋಗಕ್ಕೆ ಬರುವ ಒಂದಾದರೂ ಕೆಲಸ ನಿಮ್ಮ ಸಂಘದಲ್ಲಿ ಇದೆಯಾ ಎಂದು ನೋಡಿ.

ಹಳೇ ಕಾರ್ಯದರ್ಶಿ

ನಾನು ಮಂಗಳೂರಿನಲ್ಲಿ ಇಂಥದ್ದೇ ಒಂದು ಸಂಘದಲ್ಲಿ ಎರಡು ವರ್ಷ ಕಾರ್ಯದರ್ಶಿ ಆಗಿದ್ದೆ. ಮೇಜಿನ ಆ ಕಡೆಯಿಂದ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ ಮಾರಾಯ್ರೆ.

ಸದಸ್ಯರು 160. ಸಭೆಗೆ ಬರುವವರು ಹದಿನೈದು. ಊಟ ಇದ್ದರೆ ತೊಂಬತ್ತು. ಹಾಗಾದರೆ ಸಮಿತಿಯವರು ಯಾವುದಕ್ಕೆ ಖರ್ಚು ಮಾಡುತ್ತಾರೆ, ನೀವೇ ಹೇಳಿ. ಇದು ಸರಿ ಎಂದು ನಾನು ಹೇಳುವುದಿಲ್ಲ, ಆದರೆ ಕಾರಣ ಇದೇ. ನಾವು ಒಂದು ಬದಲಾವಣೆ ಮಾಡಿದೆವು. ತಾಂತ್ರಿಕ ಮಾತು ಆರೂ ಕಾಲಿಗೆ ಸರಿಯಾಗಿ ಶುರು, ಸನ್ಮಾನ ಏನಿದ್ದರೂ ಅದರ ನಂತರ. ಮೊದಲ ತಿಂಗಳು ಇಬ್ಬರು ಹಿರಿಯರಿಗೆ ಸಿಟ್ಟು ಬಂತು. ಮೂರನೇ ತಿಂಗಳಿಂದ ಹುಡುಗರು ಸೈಟಿನಿಂದ ನೇರ ಬರಲಿಕ್ಕೆ ಶುರು ಮಾಡಿದರು, ಬೂಟಿನಲ್ಲಿ ಕೆಸರು ಇರುವ ಹಾಗೆಯೇ.

2025ರ ಮಳೆಗಾಲ ನೆನಪಿದೆಯಾ? ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು ಇಲ್ಲ, ಮರಳು ಇಲ್ಲ, ಅರ್ಧ ಕಟ್ಟಿದ ಮನೆಗಳು ಹಾಗೇ ನಿಂತವು. ಮೇಸ್ತ್ರಿಗಳಿಗೆ, ಕೂಲಿಯವರಿಗೆ ಕೆಲಸ ಇರಲಿಲ್ಲ. ಆಗ ಒಬ್ಬ ಇಂಜಿನಿಯರ್ ಹೋಗಿ ಅರ್ಜಿ ಕೊಟ್ಟರೆ ಯಾರು ಕೇಳುತ್ತಾರೆ? ಕಟ್ಟಡದ ಕೆಲಸದವರ ಸಂಘಗಳೆಲ್ಲ ಒಟ್ಟಿಗೆ ಹೋಗಿ ಕೂತಾಗ ಮಾತ್ರ ಮಾತು ಮುಂದೆ ಹೋಗುವುದು. ಮನವಿ ಕೊಟ್ಟ ಮರುದಿನ ಕಲ್ಲು ಬರುವುದಿಲ್ಲ, ಅದಕ್ಕೆ ತಾಳ್ಮೆ ಬೇಕು. ಆದರೆ ಅಂಥ ದಿನ ಬಂದಾಗ ಹೊಸದಾಗಿ ಸಂಘ ಕಟ್ಟಲಿಕ್ಕೆ ಸಮಯ ಇರುವುದಿಲ್ಲ.

ಇನ್ನೊಂದು ವಿಷಯ. ಪದಗ್ರಹಣದಲ್ಲಿ ಸ್ಲ್ಯಾಬ್ ಬಗ್ಗೆ ಮಾತಾಡಿದವರು ಯಾರು ಎಂದು ನನಗೆ ಅಂದಾಜಾಯಿತು. ಅವರ ಹತ್ತಿರ ಇಪ್ಪತ್ತು ವರ್ಷದ ಸೋರಿಕೆಯ ಫೋಟೋಗಳಿವೆ. ಹೆಚ್ಚಾಗಿ ನೀರು ಇಳಿಯುವುದು ಸ್ಲ್ಯಾಬಿನ ನಡುವಿನಿಂದ ಅಲ್ಲ, ಪ್ಯಾರಾಪೆಟ್ ಗೋಡೆ ಮತ್ತು ಸ್ಲ್ಯಾಬ್ ಸೇರುವ ಮೂಲೆಯಿಂದ, ಎನ್ನುವುದು ಅವರ ಮಾತು. ಅಲ್ಲಿ ಸಿಮೆಂಟಿನಿಂದ ಮೂಲೆ ದುಂಡಗೆ ಮಾಡದಿದ್ದರೆ ಮೇಲೆ ಏನು ಬಳಿದರೂ ಎರಡನೇ ಮಳೆಗೆ ಅದೇ ಕಥೆ. ಅವರಿಗೆ ಫೋನ್ ಮಾಡಿ. ಸಂಘದ ಸದಸ್ಯ ಆಗಿಲ್ಲದಿದ್ದರೂ ಹೇಳುತ್ತಾರೆ, ಅವರು ಅಂಥ ಮನುಷ್ಯ.

ಕಲ್ಸಂಕದ ಇಂಜಿನಿಯರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕುಂದಾಪುರದ ಅಣ್ಣ ಹೇಳಿದ್ದನ್ನು ಎರಡು ಸಲ ಓದಿದೆ. ನನಗೆ ನಾಳೆ ಜ್ವರ ಬಂದರೆ ಕಾಂಕ್ರೀಟ್ ಹಾಕುವ ದಿನ ಸೈಟಿಗೆ ಯಾರನ್ನು ಕಳಿಸಲಿ ಎಂದು ಯೋಚಿಸಿದೆ. ಒಂದು ಹೆಸರೂ ಹೊಳೆಯಲಿಲ್ಲ.

ನಿನ್ನೆ ಹಿರಿಯರಿಗೆ ಫೋನ್ ಮಾಡಿ ಲೆಕ್ಕಪತ್ರ ಕೇಳಿದೆ. ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಹೆದರಿದ್ದೆ. "ಇಷ್ಟು ವರ್ಷದಲ್ಲಿ ಸೇರುವ ಮೊದಲು ಕೇಳಿದವ ನೀನೇ ಮೊದಲು, ಬಾ ತೋರಿಸುತ್ತೇನೆ" ಅಂದರು. ನೋಡಿದೆ. ಊಟ, ಹಾಲ್, ಸ್ಮರಣಿಕೆಗೇ ಅರ್ಧಕ್ಕಿಂತ ಜಾಸ್ತಿ ಹೋಗಿದೆ, ತರಬೇತಿಗೆ ತುಂಬಾ ಕಡಿಮೆ. ಅವರೂ ಅದನ್ನು ಮುಚ್ಚಿಡಲಿಲ್ಲ. ಈ ತಿಂಗಳು ಸೇರುತ್ತೇನೆ. ಮಹಾಸಭೆಯಲ್ಲಿ ತಾಂತ್ರಿಕ ಮಾತು ಮೊದಲು, ಸನ್ಮಾನ ಆಮೇಲೆ ಎನ್ನುವುದನ್ನು ಬರೆದೇ ಕೊಡುತ್ತೇನೆ.

ಸ್ಲ್ಯಾಬಿನ ಹಿರಿಯರಿಗೂ ಫೋನ್ ಮಾಡಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಕಾಪುವಿನ ನನ್ನ ಸೈಟಿಗೆ ಬರುತ್ತಾರಂತೆ. ಹತ್ತಿರದ ಹೊಸ ಇಂಜಿನಿಯರುಗಳು ಯಾರಾದರೂ ಬರುವುದಾದರೆ ಇಲ್ಲೇ ಹೇಳಿ, ಏಣಿ ಒಂದೇ ಇದೆ, ಇನ್ನೊಂದು ತರಿಸಿ ಇಡುತ್ತೇನೆ.